ಮಾವನ ಕಾರು, ಚಿಕ್ಕಿಯ ಕಿವಿ

ನಮ್ಮ ಮನೆಯ ಅನ್ನಕ್ಕೆ ಪೆಟ್ರೋಲಿನ ವಾಸನೆಯಿತ್ತು. ಹೀಗೆಂದರೆ ನನ್ನ ಮಕ್ಕಳು ನಂಬುವುದಿಲ್ಲ, ಅಮ್ಮನ ಕತೆ ಎಂದು ನಗುತ್ತಾರೆ. ಆದರೆ ಕಿರಿಮಂಜೇಶ್ವರದ ಆ ಮನೆಯಲ್ಲಿ ದನದ ಹಟ್ಟಿಗೂ ಅಡುಗೆಕೋಣೆಗೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ, ಅದೂ ಮಾಡಿನ ತನಕ ಮುಟ್ಟದ ಗೋಡೆ. ಮಾವ ಹಳೇ ಕಾರೊಂದನ್ನು ತಂದಾಗ ದನಗಳನ್ನು ಹಟ್ಟಿಯ ಒಂದು ಬದಿಗೆ ಒತ್ತರಿಸಿ ಇನ್ನೊಂದು ಬದಿಯಲ್ಲಿ ಅದಕ್ಕೆ ಜಾಗ ಮಾಡಿದರು. ಅಂದಿನಿಂದ ಸೆಗಣಿ, ಗಂಜಲ, ಪೆಟ್ರೋಲು, ಸುಟ್ಟ ಆಯಿಲು ಎಲ್ಲ ಸೇರಿದ ಒಂದು ನಾತ ಗೋಡೆಯ ಮೇಲಿನಿಂದ ಇಳಿದು ಗಂಜಿ ಪಾತ್ರೆಯೊಳಗೆ ಕೂತುಬಿಟ್ಟಿತು. ಎಷ್ಟು ಉಪ್ಪಿನಕಾಯಿ ನಂಜಿಕೊಂಡರೂ ಮೊದಲ ತುತ್ತು ಗಂಟಲಲ್ಲಿ ತಿರುಗುತ್ತಿತ್ತು. ಕಾರಿನ ಅಡಿಯಿಂದ ಸೋರಿದ ಕಪ್ಪು ಆಯಿಲನ್ನು ಕೋಳಿಗಳು ಕಾಲಲ್ಲಿ ಮೆತ್ತಿಕೊಂಡು ಬಂದು, ಅಮ್ಮ ಬೆಳಿಗ್ಗೆ ಸಾರಿಸಿದ ಚಾವಡಿಯ ತುಂಬ ಹೆಜ್ಜೆ ಬರೆದು ಹೋಗುತ್ತಿದ್ದವು. ಅದನ್ನು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಬರಿಗಾಲಲ್ಲಿ ಮೆಟ್ಟಿದರೆ ಒಂಥರಾ ಜಿಗುಟು.

ಮಾವ ಎಂದರೆ ಅಮ್ಮನ ಅಣ್ಣ, ಆ ಮನೆಯ ಯಜಮಾನ. ನಮ್ಮದು ತಾಯಿಮನೆಯಲ್ಲಿಯೇ ಹೆಣ್ಣುಮಕ್ಕಳು ಉಳಿಯುವ ಕುಟುಂಬ. ಅಜ್ಜಿ, ಅಮ್ಮ, ಅಮ್ಮನ ತಂಗಿ ಗಿರಿಜ ಚಿಕ್ಕಿ, ನಾನು, ಇಷ್ಟೇ ಜನ ಹೆಂಗಸರು. ನಮ್ಮೆಲ್ಲರ ಮೇಲೆ ಮಾವ. ನನ್ನ ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು, ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದರು. ಚಿಕ್ಕಿಯ ಗಂಡ ಬ್ರಹ್ಮಾವರದವರು, ಅಲ್ಲಿಯ ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು, ಹದಿನೈದು ದಿನಕ್ಕೊಮ್ಮೆ ಶನಿವಾರದ ಬಸ್ಸಿಗೆ ಬರುತ್ತಿದ್ದರು. ಗದ್ದೆ, ತೆಂಗು ಎಲ್ಲ ಮಾವನ ಕೈಯಲ್ಲಿ. ಅದು ಸಾಲದು ಎಂಬಂತೆ ಈ ಕಾರು. ಸುತ್ತಮುತ್ತ ಯಾರ ಮನೆಯಲ್ಲಿಯೂ ಕಾರಿರಲಿಲ್ಲ. ಮದುವೆಗೋ ಕೋರ್ಟಿಗೋ ಆಸ್ಪತ್ರೆಗೋ ಹೋಗಬೇಕಾದವರು ನಮ್ಮ ಚಾವಡಿಗೆ ಬಂದು, ಹೆಗಲ ಬೈರಾಸು ವಸ್ತ್ರವನ್ನು ಕೈಗೆ ತೆಗೆದುಕೊಂಡು ನಿಲ್ಲಬೇಕಿತ್ತು. ಮಾವನಿಗೆ ಬೇಕಾಗಿದ್ದದ್ದು ಅದು. ಬಾಡಿಗೆಗಿಂತಲೂ ಆ ನಿಲ್ಲುವುದು.

ಆ ಕಾರಿಗಾಗಿ ಮನೆಯ ಯಾವ ವಸ್ತುವೂ ಮೈಲಿಗೆಯಾಗದೆ ಉಳಿಯಲಿಲ್ಲ. ಇಂಜಿನ್ನಿನೊಳಗೆ ಕಿಡಿ ಹಾರಿಸುವ ಪ್ಲಗ್ಗುಗಳಿಗೆ ಕರಿ ಕಟ್ಟಿದರೆ ಮಾವ ಅವನ್ನು ಕಳಚಿ ತಂದು, ಅಮ್ಮ ಬೈಗಿ ಮೀನು ಸುಡಲು ಕೆದಕಿಟ್ಟ ಕೆಂಡದಲ್ಲಿ ಹೂಳುತ್ತಿದ್ದರು. ಆಮೇಲೆ ಆ ಮೀನನ್ನು ನಾವು ತಿನ್ನಬೇಕು. ಇಂಜಿನ್ನಿನ ಮೇಲಿನ ಕವರಿನಿಂದ ಆಯಿಲು ಸೋರತೊಡಗಿದಾಗ ಅದರ ಅಡಿಗೆ ಹಾಕುವ ಪ್ಯಾಕಿಂಗಿಗೆಂದು ನನ್ನ ಭೂಗೋಳ ಪುಸ್ತಕದ ರಟ್ಟನ್ನೇ ಕತ್ತರಿಸಿದರು. ಅದು ಆಯಿಲು ಕುಡಿದು ಉಬ್ಬಿ, ಕೊಳೆತ ಹಲಸಿನ ಸಿಪ್ಪೆಯ ಹಾಗಾಗಿ, ಸೋರುವುದು ಮತ್ತೂ ಹೆಚ್ಚಾಯಿತು. ಸೋರಿದ್ದನ್ನು ಹಿಡಿಯಲು ಅಡಿಗಿಟ್ಟದ್ದು ಪಾಯಸ ಬಡಿಸುವ ಬೋಗುಣಿ. ಅಜ್ಜಿ ಅದನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಮತ್ತೆ ಅಡುಗೆಕೋಣೆಗೆ ತಂದರು. ನಾನು ಆ ಬೋಗುಣಿಯಿಂದ ಬಡಿಸಿದ ಪಾಯಸವನ್ನು ಮುಟ್ಟಲಿಲ್ಲ.

ಇದೆಲ್ಲಕ್ಕಿಂತ ನನಗೆ ಅಸಹ್ಯವಾಗುತ್ತಿದ್ದದ್ದು ಮಾವ ಪೆಟ್ರೋಲು ಎಳೆಯುವ ರೀತಿ. ಕಾರು ಮಿಸ್ಸಿಂಗ್ ಹೊಡೆಯುವುದು ನಮ್ಮಲ್ಲಿ ದಿನದ ಮಾತು. ನಾಲ್ಕು ಸಿಲಿಂಡರಿನ ಇಂಜಿನ್ನು ನಾಲ್ಕೂ ಸರಿಯಾಗಿ ಬಡಿದರೆ ಒಂದೇ ಸಮನೆ ಓಡುತ್ತದೆ. ಒಂದು ತಪ್ಪಿದರೆ ಕುಂಟುತ್ತದೆ, ಇಡೀ ಕಾರು ಗಡಗಡ ನಡುಗುತ್ತದೆ. ಕುಂಟಿದ ಕೂಡಲೇ ಮಾವನ ತೀರ್ಮಾನ ಒಂದೇ: ಪೆಟ್ರೋಲಿನ ಪೈಪಿನಲ್ಲಿ ಕಸ ಸಿಕ್ಕಿದೆ. ಬಾಯಲ್ಲಿ ಎಲೆಯಡಿಕೆ ಇದ್ದ ಹಾಗೆಯೇ ಪೈಪು ಕಳಚಿ, ತುಟಿಗಿಟ್ಟು, ಕೆನ್ನೆ ಒಳಗೆ ಹೋಗುವಂತೆ ಎಳೆಯುವರು. ಬಾಯಿ ತುಂಬ ಬಂದ ಪೆಟ್ರೋಲನ್ನು ಕೆಂಪು ಉಗುಳಿನ ಜೊತೆ ಅಂಗಳದ ತುಳಸಿಕಟ್ಟೆಯ ಹತ್ತಿರವೇ ಪಿಚಕ್ಕೆಂದು ಉಗಿಯುವರು. ಅದೇ ಬಾಯಲ್ಲಿ ಊಟಕ್ಕೆ ಕೂತು ತೇಗುವರು. ತೇಗಿದರೆ ಚಾವಡಿಯೆಲ್ಲ ಪೆಟ್ರೋಲು.

ಆ ಕಾರಿಗೆ ನಿಜವಾಗಿ ಏನಾಗಿದೆ ಎಂದು ಮನೆಯಲ್ಲಿ ಗೊತ್ತಿದ್ದದ್ದು ಗಿರಿಜ ಚಿಕ್ಕಿಗೆ. ಅವಳೇನೂ ಕಲಿಯಬೇಕೆಂದು ಕಲಿತದ್ದಲ್ಲ. ಮಾವ ಡ್ರೈವರ್ ಸೀಟಿನಲ್ಲಿ ಕೂತು ಎಕ್ಸಿಲೇಟರ್ ಒತ್ತುವಾಗ ಮುಂದೆ ಬಾನೆಟ್ಟಿನೊಳಗೆ ಕೈಹಾಕಿ ಒಂದೊಂದೇ ಪ್ಲಗ್ಗಿನ ವೈರು ಎಳೆದು ತೋರಿಸಲು ಒಬ್ಬರು ಬೇಕಿತ್ತು. ಕರೆಂಟು ಹೊಡೆಯುವ ಕೆಲಸ. ಮಾವ ತಾನು ಮಾಡುತ್ತಿರಲಿಲ್ಲ, ತಂಗಿಯನ್ನು ಕರೆಯುತ್ತಿದ್ದರು. ಮೊದಮೊದಲು ಅವಳಿಗೆ ಮೊಣಕೈ ತನಕ ಜುಮ್ಮೆಂದು ಹೊಡೆದು, ಅವಳು ಕಿರುಚಿ ಹಾರಿದರೆ ಮಾವ ಒಳಗೆ ಕೂತು ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ಆಮೇಲೆ ಚಿಕ್ಕಿ ಒಣಗಿದ ಗೋಣಿಚೀಲದ ತುಂಡನ್ನು ನಾಲ್ಕು ಮಡಿಕೆ ಮಾಡಿ ಕೈಗೆ ಸುತ್ತಿಕೊಳ್ಳುವುದನ್ನು ಕಂಡುಕೊಂಡಳು. ಲೆಕ್ಕ ಸುಲಭ. ವೈರು ಎಳೆದಾಗ ಇಂಜಿನ್ನು ಇನ್ನೂ ಕುಂಟಿದರೆ ಆ ಸಿಲಿಂಡರು ಕೆಲಸ ಮಾಡುತ್ತಿತ್ತು ಎಂದು ಅರ್ಥ. ಎಳೆದರೂ ಸದ್ದು ಬದಲಾಗದಿದ್ದರೆ ಅದೇ ಸತ್ತದ್ದು. ಸ್ವಲ್ಪ ಕಾಲದಲ್ಲಿ ಅವಳಿಗೆ ವೈರು ಎಳೆಯುವುದೂ ಬೇಡವಾಯಿತು. ಅಡುಗೆಕೋಣೆಯಲ್ಲಿ ಕಾಯಿ ಹೆರೆಯುತ್ತ ಗೋಡೆಯಾಚೆಯ ಸದ್ದು ಕೇಳಿ, ಇಂದು ಎರಡನೆಯದು, ಇಂದು ನಾಲ್ಕನೆಯದು ಎನ್ನುತ್ತಿದ್ದಳು.

ಒಂದು ದಿನ ಮಾವ ಪೇಟೆಯ ಸ್ನೇಹಿತರ ಜೊತೆ ಚಾವಡಿಯಲ್ಲಿ ಇಸ್ಪೀಟಿಗೆ ಕೂತಿದ್ದಾಗ, ಇಂಜಿನ್ನು ಬಿಸಿಯಾಗಲಿ ಎಂದು ಕಾರನ್ನು ಓಡಲು ಬಿಟ್ಟಿದ್ದರು. ಚಿಕ್ಕಿ ನನ್ನನ್ನು ಹಟ್ಟಿಗೆ ಕರೆದಳು. ತೆರೆದ ಬಾನೆಟ್ಟಿನ ಮೇಲೆ ಕರಿಕಂಬಳಿ ಹೊದೆಸಿ, ಅದರೊಳಗೆ ಇಬ್ಬರೂ ತಲೆ ತೂರಿಸಿದೆವು. ಒಳಗೆ ಕಂಬಳಿಯ ಕುರಿ ನಾತ, ಬಿಸಿ ಆಯಿಲಿನ ಉಗಿ. ಆದರೆ ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಕಂಡದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ವೈರುಗಳ ಮೈಮೇಲೆ ಅಲ್ಲಲ್ಲಿ ಸಣ್ಣ ನೀಲಿ ಕಿಡಿಗಳು ಚಟ್ ಚಟ್ ಎಂದು ಹಾರಿ ಕಬ್ಬಿಣಕ್ಕೆ ಬೀಳುತ್ತಿದ್ದವು.

“ಕಾಣ್ ಹೆಣೆ, ವಾರಿಜಾ. ಆ ಕರೆಂಟ್ ಪ್ಲಗ್ಗಿಗ್ ಹೋಯ್ಕಿತ್ತ್. ವೈರ್ ಒಡ್ದಲ್ಲೆಲ್ಲ ಹೊರ್ಗ್ ಹಾರತ್ತ್. ಪ್ಲಗ್ಗಿಗ್ ಎಂತ ಉಳಿತ್ತ್?”

“ವೈರ್ ಎಂತಕ್ ಒಡ್ದದ್ ಚಿಕ್ಕಿ?”

“ಮೇಲಿಂದ ಆಯಿಲ್ ಸೋರಿ ಸೋರಿ ರಬ್ಬರ್ ಕೊಳ್ತಿತ್ತ್. ಇತ್ಲಾಗ್ ನೀರಿನ್ ಪಂಪಿನ್ ಸೀಲ್ ಹೋಯಿತ್ತ್. ಅದ್ರಿಂದ ನೀರ್ ಫ್ಯಾನಿಗ್ ಬಿದ್ದ್, ಫ್ಯಾನ್ ಅದನ್ ಎಲ್ಲಕ್ಕೂ ಎರಚತ್ತ್. ಒಡ್ದ ವೈರ್, ಅದ್ರ ಮೇಲ್ ನೀರ್. ಮತ್ತೆ ಹ್ಯಾಂಗ್ ಓಡುದ್?”

ಅಂದು ಮಧ್ಯಾಹ್ನ ಊಟ ಬಡಿಸುತ್ತ ಅವಳು ಇದನ್ನೇ ಮಾವನಿಗೆ ಹೇಳಿದಳು. ವೈರು, ಸೀಲು ಎರಡನ್ನೂ ಕುಂದಾಪುರದಿಂದ ಹೊಸತು ತರಿಸಬೇಕು ಎಂದಳು. ಮಾವ ತುತ್ತನ್ನು ಬಾಯಿಗಿಡದೆ ಅವಳನ್ನೇ ನೋಡಿದರು.

“ನನ್ ಕಾರಿಗ್ ಎಂತದೂ ಆಯ್ಲಿಲ್ಲ. ಅಡ್ಗಿ ಒಲಿ ಊದುದ್ ಬಿಟ್ಟ್ ನಂಗ್ ಕಲ್ಸುಕ್ ಬತ್ಯಾ?”

ದುಡ್ಡಿನ ಮಾತಲ್ಲ ಅದು. ಆ ಕಾರನ್ನು ಆರಿಸಿ ತಂದದ್ದು ತಾನು, ಅದರಲ್ಲಿ ಕೊಳೆತದ್ದು ಇದೆ ಎಂದರೆ ತನ್ನಲ್ಲೇ ಇದೆ ಎಂದ ಹಾಗೆ ಅವರಿಗೆ. ಮರುದಿನ ತಾನೇ ಸೋರುವ ಪಂಪಿಗೆ ಬಟ್ಟೆಸೋಪು ಮೆತ್ತಿ, ವೈರುಗಳಿಗೆಲ್ಲ ಅಜ್ಜಿಯ ಹಳೇ ಸೀರೆಯ ಚಿಂದಿ ಸುತ್ತಿ, ನಾಲ್ಕನ್ನೂ ಒಂದೇ ಕಟ್ಟು ಮಾಡಿ ಬಿಗಿದರು. ನೋಡಲು ಕೀವು ಹಿಡಿದ ಗಾಯಕ್ಕೆ ಕಟ್ಟಿದ ಪಟ್ಟಿಯ ಹಾಗಿತ್ತು. ಎರಡು ದಿನದಲ್ಲಿ ಆ ಚಿಂದಿ ಆಯಿಲು ಕುಡಿದು ಕಪ್ಪಗಾಗಿ ತೊಟ್ಟಿಕ್ಕತೊಡಗಿತು.

ಚಿಕ್ಕಿ ಬಸುರಿಯಾದ ಮೇಲೂ ಮಾವ ಕರೆಯುವುದು ನಿಲ್ಲಲಿಲ್ಲ. ಏಳು ತಿಂಗಳು ತುಂಬಿದಾಗ ಒಂದು ಬೆಳಿಗ್ಗೆ, ಹಟ್ಟಿಯಿಂದ “ಗಿರಿಜಾ, ಬಾ ಇಲ್ಲ್, ವೈರ್ ಹಿಡಿ” ಎಂದು ಕೂಗು ಬಂತು. ಚಿಕ್ಕಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅಡುಗೆಕೋಣೆಯಲ್ಲಿಯೇ ನಿಂತಳು. ಕರೆಂಟು ಹೊಡೆದರೆ ಮಗುವಿಗೆ ಏನಾದೀತೋ ಎಂದು ಅವಳಿಗೆ ಭಯ. ಮಾವ ಬಾಗಿಲಿಗೆ ಬಂದು, ಇಷ್ಟು ದಿನ ಹೊಡೆಯದ ಕರೆಂಟು ಈಗ ಹೊಡೆಯುತ್ತದೆಯೇ, ಎಲ್ಲ ಸೋಗು ಎಂದರು. ಆಗ ಅಮ್ಮ ಎದ್ದಳು. ಅಮ್ಮ ಅಣ್ಣನ ಎದುರು ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

“ಅವ್ಳ್ ಬತ್ತಿಲ್ಲ, ಅಣ್ಣಯ್ಯ. ಬೇಕಾರೆ ನೀವೇ ಹಿಡ್ಕಣಿ.”

ಮಾವ ಹಿಡಿಯಲಿಲ್ಲ. ಆ ದಿನ ಕಾರು ಹೊರಡಲೇ ಇಲ್ಲ. ರಾತ್ರಿಯ ಊಟಕ್ಕೆ ಅವರು ಎಲೆಯ ಮುಂದೆ ಕೂತವರು, ಅಮ್ಮ ಬಡಿಸಿದ ಗಂಜಿಯನ್ನು ಕೈಯಿಂದ ಆಚೆ ದೂಡಿದರು. ಗಂಜಿ ಚಾವಡಿಯಲ್ಲಿ ಹರಿಯಿತು. ಅಜ್ಜಿ ಬಟ್ಟೆ ತಂದು ಒರೆಸಿದರು. ಅಜ್ಜಿಯ ಆ ಬಗ್ಗಿದ ಬೆನ್ನು ನೋಡಿದಾಗ ಮಾವನ ಮೇಲೆ ಬಂದ ಅಸಹ್ಯಕ್ಕಿಂತ ಹೆಚ್ಚಿನ ಅಸಹ್ಯ ನನಗೆ ಅಜ್ಜಿಯ ಮೇಲೆ ಬಂತು. ಅದು ನ್ಯಾಯವಲ್ಲ, ಆದರೆ ಬಂದದ್ದು ಹೌದು.

ಚಿಕ್ಕಿಗೆ ದಿನ ತುಂಬಿದ್ದು ಬೇಸಿಗೆಯ ಮೊದಲಲ್ಲಿ. ಬೆಳಿಗ್ಗೆಯೇ ನೀರು ಒಡೆದಿತ್ತು. ಸೂಲಗಿತ್ತಿ ಮಧ್ಯಾಹ್ನದ ತನಕ ಕಾದು, ಮಗು ಇಳಿಯುತ್ತಿಲ್ಲ, ಇನ್ನು ನನ್ನಿಂದ ಆಗುವುದಲ್ಲ, ಕುಂದಾಪುರದ ಆಸ್ಪತ್ರೆಗೇ ಒಯ್ಯಿರಿ ಎಂದು ಕೈ ತೊಳೆದುಕೊಂಡಳು. ಮಧ್ಯಾಹ್ನದ ಬಸ್ಸು ಆಗಲೇ ಹೋಗಿಯಾಗಿತ್ತು. ಹಾಗಾಗಿ ಕಾರು. ಹಿಂದಿನ ಸೀಟಿನಲ್ಲಿ ಚಿಕ್ಕಿಯನ್ನು ಅಮ್ಮನ ತೊಡೆಯ ಮೇಲೆ ಒರಗಿಸಿದರು. ಅವಳು ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಿಡಿಸಲಾಗದೆ ನನ್ನನ್ನೂ ಕೂರಿಸಿಕೊಂಡರು. ಮಗುವಿಗೆಂದು ತಿಂಗಳುಗಟ್ಟಲೆ ಒಗೆದು ಮೆತ್ತಗೆ ಮಾಡಿಟ್ಟ ಹಳೇ ಬಿಳಿ ಪಂಚೆಯ ತುಂಡುಗಳ ಗಂಟು ನನ್ನ ಮಡಿಲಲ್ಲಿ. ಅಮ್ಮನ ಕೈಯಲ್ಲಿ ಅಡಿಕೆಹಾಳೆಯ ಬೀಸಣಿಗೆ. ಮುಚ್ಚಿದ ಕಾರಿನೊಳಗೆ ಪೆಟ್ರೋಲು, ಬೆವರು, ಒಡೆದ ನೀರು, ರಕ್ತ. ನಾನು ಬಾಯಿಂದ ಉಸಿರಾಡುತ್ತಿದ್ದೆ.

ನಾವುಂದ ದಾಟುವ ಮೊದಲೇ ಕಾರು ಕುಂಟಿತು. ಚಿಕ್ಕಿ ಕಣ್ಣು ಮುಚ್ಚಿಯೇ ಇದ್ದಳು. “ಎರಡ್ನೇದ್ ಹೋಯ್ತ್” ಎಂದಳು. ಇನ್ನೊಂದು ಸ್ವಲ್ಪ ದೂರಕ್ಕೆ ಮತ್ತೊಂದು ಹೋಯಿತು. ಮರವಂತೆಯಲ್ಲಿ, ಬಲಕ್ಕೆ ಸಮುದ್ರ ಎಡಕ್ಕೆ ಹೊಳೆ ಇರುವ ಆ ಬೋಳು ರಸ್ತೆಯ ನಡುವೆ ಕಾರು ನಾಲ್ಕು ಸಲ ಎಗರಿ, ಹಿಂದಿನಿಂದ ಢಂ ಎಂದು ಸದ್ದು ಮಾಡಿ ನಿಂತಿತು. ಒಂದು ಮನೆಯಿಲ್ಲ, ಒಂದು ಗಾಡಿಯಿಲ್ಲ. ಅಲೆಯ ಸದ್ದು ಮಾತ್ರ. ಗಾಳಿಯಲ್ಲಿ ಉಪ್ಪಿನ ಹನಿ ಬಂದು ಗಾಜಿಗೆ ಅಂಟುತ್ತಿತ್ತು.

ಮಾವ ಇಳಿದು ಬಾನೆಟ್ಟು ತೆರೆದರು. ಕಳಚಿದ್ದು ಪೆಟ್ರೋಲಿನ ಪೈಪನ್ನೇ. ಎಳೆದರು, ಉಗಿದರು. ಮತ್ತೆ ಎಳೆದರು, ಮತ್ತೆ ಉಗಿದರು. ಕಿಟಕಿಯಿಂದ ಕೈ ಒಳಗೆ ತೂರಿಸಿ ಒಂದು ಬಟ್ಟೆ ಕೊಡು ಎಂದು, ನನ್ನ ಮಡಿಲಿನ ಗಂಟಿನಿಂದ ತಾವೇ ಒಂದು ತುಂಡು ಕಿತ್ತುಕೊಂಡು ತುಟಿಯ ಎಲೆಯಡಿಕೆ ಕೆಂಪನ್ನು ಒರೆಸಿಕೊಂಡು, ಅದನ್ನು ಮರಳಿ ನನ್ನ ಮಡಿಲಿಗೆ ಎಸೆದರು. ಮಗುವನ್ನು ಸುತ್ತಬೇಕಾದ ಬಟ್ಟೆ. ಆ ಕೆಂಪು ಕಲೆ ಒದ್ದೆಯಾಗಿ ನನ್ನ ಲಂಗಕ್ಕೆ ಇಳಿಯಿತು.

“ಅಣ್ಣಯ್ಯ,” ಚಿಕ್ಕಿ ಹಿಂದಿನಿಂದ ಕೂಗಿದಳು. ನೋವು ಬಿಟ್ಟುಬಿಟ್ಟು ಬರುತ್ತಿತ್ತು, ನಡುವೆ ಸಿಕ್ಕ ಉಸಿರಿನಲ್ಲಿ ಅವಳು ಮಾತಾಡುತ್ತಿದ್ದಳು. “ಪೆಟ್ರೋಲಲ್ಲ ಅದ್. ನೀರ್. ವೈರ್ ಎಲ್ಲ ಚಂಡಿ ಆಯಿತ್ತ್. ಒರ್ಸಿ ಕಾಣಿ.”

“ಬಾಯ್ ಮುಚ್ಕಂಡ್ ಮಲ್ಕೊ.”

“ಅಣ್ಣಯ್ಯ, ನಿಮ್ ಕಾಲಿಗ್ ಬೀಳ್ತೆ. ಒರ್ಸಿ.”

ಮಾವ ಪೈಪನ್ನು ಬಾಯಿಗಿಟ್ಟರು. ಚಿಕ್ಕಿ ಒಮ್ಮೆ ಜೋರಾಗಿ ಕೂಗಿ, ಬಿಲ್ಲಿನ ಹಾಗೆ ಬಗ್ಗಿ, ಮತ್ತೆ ಅಮ್ಮನ ತೊಡೆಗೆ ಬಿದ್ದಳು. ಅಮ್ಮ ಅವಳ ತಲೆಯನ್ನು ಮೆಲ್ಲಗೆ ಸೀಟಿಗಿಟ್ಟು, ಬಾಗಿಲು ತೆರೆದು ಇಳಿದಳು. ನನ್ನನ್ನೂ ಎಳೆದುಕೊಂಡಳು.

“ನಿಂಗ್ ಗೊತ್ತಿತ್ತಲ್ದಾ? ತೋರ್ಸ್ ಎಲ್ಲಿ ಅಂದ್.”

ಮಾವ ಅಡ್ಡ ಬಂದು, ಒಳಗೆ ಹೋಗಿ ಕೂರು ಎಂದು ಅಬ್ಬರಿಸಿದರು. ಅಮ್ಮ ಅವರ ಮುಖವನ್ನೂ ನೋಡದೆ ಮೊಣಕೈಯಿಂದ ಅವರನ್ನು ಆಚೆ ಸರಿಸಿದಳು. ಇಂಜಿನ್ನಿನ ಮೇಲೆಲ್ಲ ಸೋಪಿನ ಬಿಳಿನೊರೆ, ಕಪ್ಪು ಆಯಿಲು, ತುಕ್ಕಿನ ನೀರು. ಮಾವ ಕಟ್ಟಿದ ಚಿಂದಿಯ ಕಟ್ಟು ನೀರು ಕುಡಿದು ಸತ್ತ ಇಲಿಯ ಹಾಗೆ ಜೋತಾಡುತ್ತಿತ್ತು. ಮುಟ್ಟಿದರೆ ಬಿಸಿ, ಲೋಳೆ. ಚಿಕ್ಕಿ ಒಳಗಿನಿಂದ ಹೇಳುತ್ತಿದ್ದಳು, ನಾನು ಬೆರಳು ಮಾಡಿ ತೋರಿಸುತ್ತಿದ್ದೆ, ಅಮ್ಮ ಮಾಡುತ್ತಿದ್ದಳು.

“ಆ ಚಿಂದಿ ಎಲ್ಲ ಕಿತ್ತ್ ಬಿಸಾಡ್, ಅಕ್ಕ. ವೈರಿನ್ ಗಂಟ್ ಬಿಡ್ಸ್. ಒಂದಕ್ಕೊಂದ್ ಮುಟ್ಟುಕಾಗ, ಕಬ್ಣಕ್ಕೂ ಮುಟ್ಟುಕಾಗ. ವಾರಿಜಾ, ವೈರೆಲ್ಲ ಹೊರಡೂ ಜಾಗ್ದಗ್ ಒಂದ್ ಕರಿ ಮುಚ್ಚಳ ಇತ್ತ್ ಕಾಣ್, ಅದನ್ ತೆಗ್ದ್ ಒಳ್ಗ್ ಒರ್ಸ್. ಒಣ ಬಟ್ಟೆಗ್ ಒರ್ಸ್.”

ಒಣಬಟ್ಟೆ ಎಂದರೆ ಮಗುವಿನ ಗಂಟೊಂದೇ. ಒಂದೊಂದೇ ಬಿಳಿ ತುಂಡು ಒಂದೇ ಒರೆಸಿಗೆ ಕಪ್ಪಾಗಿ ರಸ್ತೆಗೆ ಬಿತ್ತು. ಕರಿ ಮುಚ್ಚಳದ ಕೊಂಡಿಯನ್ನು ನನ್ನ ಉಗುರಿನಿಂದ ಎಬ್ಬಿಸಿದೆ. ಒಳಗೆ ಬೆವರಿದ ಹಾಗೆ ಹನಿಗಳಿದ್ದವು. ಒರೆಸಿದೆ. ಅಮ್ಮ ಉಳಿದ ತುಂಡುಗಳನ್ನು ಹಲ್ಲಿನಿಂದ ಸೀಳಿ ಪಟ್ಟಿ ಮಾಡಿ, ಒಂದೊಂದು ವೈರನ್ನೂ ಕಬ್ಬಿಣದಿಂದ ಮೇಲಕ್ಕೆತ್ತಿ ಬೇರೆ ಬೇರೆ ಕಟ್ಟಿ ನಿಲ್ಲಿಸಿದಳು.

“ಫ್ಯಾನಿಂದ ಮತ್ ನೀರ್ ಎರಚತ್ತ್,” ಎಂದಳು ಚಿಕ್ಕಿ. ಅವಳ ದನಿ ಸೋಲುತ್ತಿತ್ತು. “ನಡುಗ್ ಎಂತಾರೂ ಅಡ್ಡ ಕಟ್ಟ್.”

ಅಮ್ಮ ಸುತ್ತ ನೋಡಿದಳು. ಹಾಳೆಯ ಬೀಸಣಿಗೆ ಸೀಟಿನಲ್ಲಿ ಬಿದ್ದಿತ್ತು. ಅದನ್ನು ತಂದು ಫ್ಯಾನಿಗೂ ಆ ಮುಚ್ಚಳಕ್ಕೂ ನಡುವೆ ಗೋಡೆಯ ಹಾಗೆ ಕಟ್ಟಿದಳು. ಆಮೇಲೆ, ಕೈಯಿಂದ ಆಯಿಲು ತೊಟ್ಟಿಕ್ಕುತ್ತ, ಅಣ್ಣನ ಕಡೆ ತಿರುಗಿದಳು.

“ಪೈಪ್ ಹಾಕಿ. ಹ್ಯಾಂಡ್ಲ್ ತಿರ್ಸಿ.”

ಮಾವ ಕಾರಿನ ಮುಂದೆ ಕಬ್ಬಿಣದ ಹ್ಯಾಂಡ್ಲ್ ತೂರಿಸಿ ಎರಡು ಸಲ ತಿರುಗಿಸಿದರು, ಏನೂ ಇಲ್ಲ. ಅವರ ಮುಖದಲ್ಲಿ ಆಗ ಒಂದು ನಗೆ ಮೂಡಿತು. ತಂಗಿ ಸಾಯುತ್ತಿರುವಾಗ ಕಾರು ಹೊರಡಲಿಲ್ಲವೆಂದು, ತನ್ನ ಮಾತು ಗೆದ್ದಿತೆಂದು ಮೂಡಿದ ನಗೆ. ಬದುಕಿನಲ್ಲಿ ಕೊಳಕು ಬೇಕಾದಷ್ಟು ಕಂಡಿದ್ದೇನೆ, ತೊಳೆದೂ ಇದ್ದೇನೆ. ಆ ನಗೆಯಷ್ಟು ಹೊಲಸಾದದ್ದನ್ನು ಕಂಡಿಲ್ಲ. ಮುಂದಿನ ತಿರುವಿಗೆ ಇಂಜಿನ್ನು ಕೆಮ್ಮಿತು. ಇನ್ನೊಂದು ತಿರುವಿಗೆ ಹಿಡಿಯಿತು. “ಮೂರ್ ಓಡತ್ತ್, ಸಾಕ್,” ಎಂದಳು ಚಿಕ್ಕಿ, “ನಿಲ್ಸುದ್ ಬೇಡ, ಹೋಯ್ಲಿ.” ಮೂರರಲ್ಲಿಯೇ ಕುಂಟುತ್ತ, ಎಲ್ಲಿಯೂ ನಿಲ್ಲದೆ ಕುಂದಾಪುರ ಸೇರಿದೆವು.

ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಹುಟ್ಟಿದಾಗ ನೀಲಿಗಟ್ಟಿ, ಅಳಲಿಲ್ಲವಂತೆ. ನರ್ಸಮ್ಮ ತಲೆಕೆಳಗೆ ಹಿಡಿದು ಬಡಿದ ಮೇಲೆ ಅತ್ತಿತಂತೆ. ಅದನ್ನು ಸುತ್ತಲು ನಮ್ಮ ಹತ್ತಿರ ಒಂದು ತುಂಡು ಬಟ್ಟೆಯಿರಲಿಲ್ಲ. ಪಕ್ಕದ ಮಂಚದಲ್ಲಿದ್ದ, ಕೋಡಿ ಎಂಬ ಊರಿನ ಮೀನುಗಾರರ ಹೆಂಗಸೊಬ್ಬಳು ತನ್ನ ಮಗುವಿನದನ್ನು ಕೊಟ್ಟಳು. ಚಿಕ್ಕಿಗೆ ರಕ್ತಸ್ರಾವ ನಿಲ್ಲದೆ ಬಹಳ ದಿನ ಅಲ್ಲಿಯೇ ಇರಬೇಕಾಯಿತು. ನಾನು ವರಾಂಡದಲ್ಲಿ ಕೂತು ಉಗುರಿನ ಸಂದಿಯ ಕಪ್ಪನ್ನು ಕಡ್ಡಿಯಿಂದ ತೆಗೆಯುತ್ತಿದ್ದಾಗ, ಹೊರಗಿನ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಬಂದ ಮಾವ ಯಾರೊಡನೆಯೋ ಹೇಳುತ್ತಿದ್ದುದು ಕೇಳಿಸಿತು.

“ಪೆಟ್ರೋಲ್ ಕಟ್ಟಿತ್ತ್ ಮರಾಯ್ರೆ. ಬಾಯಗ್ ಎಳ್ದ್ ಎಳ್ದ್ ಸರಿ ಮಾಡ್ದೆ. ಇಲ್ದಿರೆ ಎರಡ್ ಜೀವ ಹೋತಿತ್ತ್.”

ಆ ಕತೆ ಅಲ್ಲಿ ಹುಟ್ಟಿದ್ದು ಮನೆಗೆ ಬರುವಷ್ಟರಲ್ಲಿ ಬೆಳೆದಿತ್ತು. ಮನೆಗೆ ಬಂದವರಿಗೆಲ್ಲ ಮಾವ ಅದನ್ನು ಹೇಳಿದರು. ಹೆಂಗಸರು ಕೂಗುವುದೊಂದೇ ಮಾಡಿದ್ದು, ತನ್ನ ನಾಲಿಗೆ ಎರಡು ದಿನ ಸುಟ್ಟ ಹಾಗಿತ್ತು ಎಂದರು. ಅಮ್ಮನೂ ಅಲ್ಲೇ ಇದ್ದಳು, ಅಜ್ಜಿಗೂ ನಡೆದದ್ದು ಗೊತ್ತಿತ್ತು. ಯಾರೂ ಅಲ್ಲವೆನ್ನಲಿಲ್ಲ. ಬಂದವರು ತಲೆದೂಗಿ ಕಾಫಿ ಕುಡಿದು ಹೋಗುತ್ತಿದ್ದರು. ಕಾರನ್ನು ಮಾವ ಮತ್ತೆ ಹಟ್ಟಿಗೆ ಸೇರಿಸಿ, ಅದೇ ವೈರಿಗೆ ಹೊಸ ಚಿಂದಿ ಸುತ್ತಿದ್ದರು. ದೃಷ್ಟಿಯಾಗಿದೆಯೆಂದು ಮುಂದೊಂದು ಕುಂಬಳಕಾಯಿ ಒಡೆದದ್ದೇ ಹೊಸತು. ಅದರ ತಿರುಳು ಅಲ್ಲೇ ಬಿದ್ದು ಕೊಳೆತು ನೊಣ ಮುತ್ತಿತು.

ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಚಾವಡಿಯ ಉದ್ದಕ್ಕೂ ಎಲೆ ಹಾಕಿತ್ತು. ಬ್ರಹ್ಮಾವರದಿಂದ ಚಿಕ್ಕಿಯ ಗಂಡ, ಅತ್ತೆ ಬಂದಿದ್ದರು. ಮಾವ ಮೊದಲ ಎಲೆಗೆ ಕೂತು, ಪಾಯಸ ಬಡಿಸುವಷ್ಟರಲ್ಲಿ ಕತೆಯಲ್ಲಿ ಮರವಂತೆಯ ತನಕ ಬಂದಿದ್ದರು. ಒಳಕೋಣೆಯಲ್ಲಿ ಚಿಕ್ಕಿ ಮಗುವಿಗೆ ಹಾಲೂಡುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ‘ಬಾಯಗ್ ಎಳ್ದೆ’ ಎಂಬ ಮಾತು ಬಂದಾಗ ಅವಳು ಮಗುವಿನ ಬಾಯಿ ಬಿಡಿಸಿ, ಸೆರಗು ಸರಿಮಾಡಿಕೊಂಡು, ಮಗುವನ್ನು ನನ್ನ ತೊಡೆಯ ಮೇಲಿಟ್ಟಳು. ಹಿಂಬಾಗಿಲಿನಿಂದ ಹೋಗಿ ಸೌದೆ ರಾಶಿಯ ಮೇಲಿದ್ದ ಕತ್ತಿ ತೆಗೆದುಕೊಂಡಳು. ಹಟ್ಟಿಯಿಂದ ಬಾನೆಟ್ಟು ಎತ್ತಿದ ಸದ್ದು, ಆಮೇಲೆ ಕಚ್ ಕಚ್ ಎಂದು ಕಡಿಯುವ ಸದ್ದು. ದನಗಳು ಎದ್ದು ನಿಂತವು. ನಾನು ಮಗುವನ್ನು ಎತ್ತಿಕೊಂಡು ಚಾವಡಿಯ ಬಾಗಿಲಿಗೆ ಬಂದೆ.

ಅವಳು ಚಾವಡಿಗೆ ಬಂದಾಗ ಕೈಯಲ್ಲಿ ವೈರುಗಳ ಗೊಂಚಲು. ನೇರವಾಗಿ ಮಾವನ ಎಲೆಯ ಮುಂದೆ ನಿಂತು ಅದನ್ನು ಅನ್ನದ ಮೇಲೆ ಹಾಕಿದಳು. ಕಪ್ಪು ಆಯಿಲು ತೊವ್ವೆಯೊಳಗೆ ಇಳಿಯಿತು. ಅದರಿಂದ ಒಂದನ್ನು ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಎರಡು ಕೈಯಿಂದ ಬಗ್ಗಿಸಿದಳು. ಒಣಮೀನಿನ ಚರ್ಮ ಒಡೆದ ಹಾಗೆ ರಬ್ಬರು ಉದ್ದಕ್ಕೂ ಬಾಯಿ ಬಿಟ್ಟು, ಒಳಗಿನ ತಂತಿ ಹಸಿರುಗಟ್ಟಿದ್ದು ಕಾಣಿಸಿತು.

“ಕಾಣಿ ಅಣ್ಣಯ್ಯ. ನನ್ ಮಗು ಸಾಯುಕಾದದ್ ಇದ್ರಿಂದ. ಉಳ್ಸಿದ್ದ್ ಅಕ್ಕ, ಮತ್ ನಮ್ ವಾರಿಜ. ನೀವಲ್ಲ.”

ಉಣ್ಣುತ್ತಿದ್ದವರ ಕೈಗಳೆಲ್ಲ ನಿಂತವು. ಮಾವ ಎಲೆ ಬಿಟ್ಟು ಎದ್ದರು. ಅಜ್ಜಿ ಓಡಿಬಂದು ಚಿಕ್ಕಿಯ ತೋಳು ಹಿಡಿದು, “ಕಾಲ್ ಹಿಡಿ, ತಪ್ಪಾಯ್ತ್ ಅನ್ನ್, ಯಜಮಾನ ಅವ” ಎಂದು ಅಳತೊಡಗಿದರು. ಚಿಕ್ಕಿ ಅಜ್ಜಿಯ ಕೈಯನ್ನು ಮೆಲ್ಲಗೆ ಬಿಡಿಸಿ, ಕೈ ತೊಳೆಯಲು ಬಾವಿಕಟ್ಟೆಗೆ ಹೋದಳು. ಆಯಿಲು ಹೋಗಲು ಬೂದಿ ಹಾಕಿ ತಿಕ್ಕಿ ತಿಕ್ಕಿ, ಕೈ ಮೂಸಿ ನೋಡಿ, ಮತ್ತೆ ತಿಕ್ಕಿ, ಆಮೇಲೆಯೇ ಮಗುವನ್ನು ಎತ್ತಿಕೊಂಡಳು.

ವೈರೇ ಇಲ್ಲದ ಮೇಲೆ ಮಾವನಿಗೆ ಬೇರೆ ದಾರಿಯಿರಲಿಲ್ಲ. ಕುಂದಾಪುರದಿಂದ ಮೇಸ್ತ್ರಿ ಬಂದು ಹೊಸ ವೈರು ಹಾಕಿದ, ಪಂಪಿನ ಸೀಲು ಬದಲಿಸಿದ, ನನ್ನ ಪುಸ್ತಕದ ರಟ್ಟನ್ನು ಕೆರೆದು ತೆಗೆದು ಒಳ್ಳೆಯ ಪ್ಯಾಕಿಂಗ್ ಕೂರಿಸಿದ. ಸ್ಟಾರ್ಟ್ ಮಾಡಿದರೆ ಹೊಲಿಗೆ ಮೆಷಿನ್ನಿನ ಹಾಗೆ ನುಣ್ಣಗೆ ಓಡಿತು. ಮಾವ ನಮ್ಮನ್ನೆಲ್ಲ ಅಂಗಳಕ್ಕೆ ಕರೆಸಿದರು. ಬಾನೆಟ್ಟಿನ ಮೇಲೆ ಕೈಯಿಟ್ಟು ಮೇಸ್ತ್ರಿಗೆ ಕೇಳುವ ಹಾಗೆ, “ವೈರಿಂದೇ ತೊಂದ್ರಿ ಅಂದೇಳಿ ನಾ ಅವತ್ತೇ ಹೇಳಿದ್ದೆ” ಎಂದರು.

ಚಿಕ್ಕಿ ಮಾತ್ರ ನಕ್ಕಳು. ಸಿಟ್ಟಿನ ನಗುವಲ್ಲ, ಬೆಕ್ಕು ವಾಂತಿ ಮಾಡಿದ್ದನ್ನು ಮೆಟ್ಟಿದವರು ಕಾಲು ಎತ್ತಿಕೊಂಡು ನಗುವಂಥ ನಗು. ಅಂದು ಸಂಜೆಯೇ ಅಮ್ಮನೊಡನೆ ಮಾತಾಡಿ, ಗಂಡನಿಗೆ ಹೇಳಿ ಕಳಿಸಿ, ಬ್ರಹ್ಮಾವರದ ಮನೆಗೆ ಹೋಗುವುದೆಂದು ನಿಶ್ಚಯಿಸಿದಳು. ನಮ್ಮ ಮನೆಯ ಹೆಣ್ಣು ಗಂಡನ ಮನೆಯಲ್ಲಿ ಉಳಿಯಲು ಹೋದದ್ದು ಅದೇ ಮೊದಲು. ಅಜ್ಜಿ ಎರಡು ದಿನ ಊಟ ಬಿಟ್ಟರು, ಮೂರನೆಯ ದಿನ ಉಂಡರು.

ಹೊರಡುವ ಬೆಳಿಗ್ಗೆ ಮಾವ ಯಾರೂ ಕೇಳದೆ ಕಾರನ್ನು ತೊಳೆದು ರಸ್ತೆಯ ಬದಿಗೆ ತಂದು ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು ಹಿಡಿದಿದ್ದರು. ಸೀಟಿಗೆ ಒಗೆದ ಬೆಡ್‌ಶೀಟು ಹಾಸಿತ್ತು. ಚಿಕ್ಕಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಆ ಬಾಗಿಲನ್ನು ಹಾದು ಹೋಗಿ ಬಸ್ಸು ನಿಲ್ಲುವಲ್ಲಿ ನಿಂತಳು. ಅಮ್ಮ ಒಂದು ಟ್ರಂಕು ಹಿಡಿದಿದ್ದಳು, ನಾನು ಅಮ್ಮ ತುಂಬಿಕೊಟ್ಟ ಒಂದು ಬಟ್ಟೆಚೀಲ. ಬಸ್ಸು ಬಂತು. ಕಂಡಕ್ಟರ್ ಟ್ರಂಕನ್ನು ಮೇಲೆ ಹಾಕಿದ. ಚಿಕ್ಕಿ ಮೆಟ್ಟಿಲು ಹತ್ತಿ, ತಿರುಗಿ ನನ್ನನ್ನು ನೋಡಿದಳು.

“ನೀ ಬತ್ಯಾ?”

ನಾನು ಅಮ್ಮನ ಮುಖ ನೋಡಿದೆ. ಅಮ್ಮ ರಸ್ತೆಯ ಆಚೆ ಎಲ್ಲಿಯೋ ನೋಡುತ್ತಿದ್ದಳು. ಕಂಡಕ್ಟರ್, “ಹ್ವಾಯ್, ಬೇಗ ಹತ್ತಿ ಅಮ್ಮ, ಹೊತ್ತಾಯ್ತ್” ಎಂದು ಕೂಗಿದ. ನನ್ನ ಬಾಯಿಂದ “ಬತ್ತೆ” ಎಂದು ಬಂದದ್ದು ನನಗೇ ಗೊತ್ತಾಗಲಿಲ್ಲ, ಗೊತ್ತಾಗುವಷ್ಟರಲ್ಲಿ ಬಸ್ಸಿನೊಳಗಿದ್ದೆ. ಬಸ್ಸು ಹೊರಟಿತು. ಅಮ್ಮ ಕೈ ಬೀಸಲಿಲ್ಲ, ನಿಂತೇ ಇದ್ದಳು. ಮರವಂತೆ ದಾಟಿದ ಮೇಲೆ ಮಗು ಒದ್ದೆ ಮಾಡಿಕೊಂಡಿತು. ಬಟ್ಟೆ ಬೇಕೆಂದು ಚಿಕ್ಕಿ ಹೇಳಿದಾಗ ನಾನು ಮಡಿಲಲ್ಲಿದ್ದ ಚೀಲದ ಬಾಯಿ ಬಿಚ್ಚಿದೆ. ಮೇಲೆ ಮಗುವಿನ ಬಟ್ಟೆಯಿತ್ತು. ಅದರ ಅಡಿಗೆ, ಇಸ್ತ್ರಿ ಮಾಡಿದ ಹಾಗೆ ಮಡಚಿ ಜೋಡಿಸಿಟ್ಟ ನನ್ನ ಲಂಗಗಳು, ನನ್ನ ರವಿಕೆಗಳು, ನನ್ನ ಸ್ಲೇಟು, ಎಲ್ಲ ಇದ್ದವು.